ಫ್ಲಾಸ್ಕಿಗೆ ವಾಪಸ್ ಹೋದ ಸೂಪು

ಮಲ್ಲೇಶ್ವರದಲ್ಲಿ ನಲವತ್ತು ವರ್ಷದಿಂದ ತರಕಾರಿ ಮಾರ್ತೀನಿ. ನಮ್ಮನೇಲಿ ಒಂದೇ ಕಟ್ಟಳೆ: ಒಳ್ಳೇದು ಗಿರಾಕಿಗೆ, ಮುರಿದಿದ್ದು ಬಾಡಿದ್ದು ನಮ್ಮ ಸಾರಿಗೆ. ನಮ್ಮತ್ತೆ ಹಾಗೇ ನಡೆಸಿದ್ಲು, ನಾನೂ ಹಾಗೇ ನಡೆಸಿದೆ.

ಹೋದ ವರ್ಷ ಮಾಗಿ ಚಳೀಲಿ ಸೊಸೆ, ಶ್ರೀರಂಗಪಟ್ಟಣಕ್ಕೆ ಹೋಗಿ ಸಂಜೆಗೆ ಬಂದ್ಬಿಡೋಣ ಅಂದ್ಲು. ಅವಳ ತಾಯಿಗೆ ಹೊಟ್ಟೆ ಆಪರೇಷನ್ ಆಗಿತ್ತು. ಹೊಳೆ ನೋಡ್ಬೇಕು ಅಂತ ಆಸೆಯಂತೆ. ಮೂರೂ ಜನ ಹೆಂಗಸರು ಬೆಳಗಿನ ರೈಲು ಹತ್ತಿದ್ವಿ. ನಮ್ಮ ಬೀಗಿತ್ತಿ ಶ್ರೀರಾಂಪುರದೋಳು, ಮಾತು ಕಮ್ಮಿ. ದಾರಿಯುದ್ದಕ್ಕೂ ನಾನೇ ವಟಗುಟ್ಟಿದೆ.

ಹೊಳೆ ಮೆಟ್ಟಿಲ ಮೇಲೆ ಕೂತ್ವಿ. ಸೊಸೆ ಫ್ಲಾಸ್ಕ್ ತೆಗೆದು ತಾಯಿಗೆ ಸೂಪು ಬಗ್ಗಿಸಿದ್ಲು. ಗಟ್ಟಿ ಊಟ ಬೇಡ ಅಂದಿದ್ರಂತೆ ಡಾಕ್ಟರು. ಲೋಟದೊಳಗೆ ಇಣುಕಿದೆ. ಕೆಂಪನೆ ಕ್ಯಾರೆಟ್ಟು, ಎಳೇ ಬೀನ್ಸು. ಒಂದೂ ಬಾಡಿದ್ದಲ್ಲ.

"ಏನೇ, ಗಿರಾಕಿಗೆ ಆರಿಸಿಟ್ಟಿದ್ದ ಬುಟ್ಟಿಗೇ ಕೈ ಹಾಕಿದೀಯ?"

"ಅಮ್ಮನಿಗೆ ಅಂತ ಅತ್ತೆ. ಒಂದು ಹಿಡಿ ಅಷ್ಟೇ."

"ಹೊಟ್ಟೆಗೇನು ಕಣ್ಣಿದೆಯಾ? ಕುದ್ದಮೇಲೆ ಬಾಡಿದ್ದೂ ಒಂದೇ, ಒಳ್ಳೇದೂ ಒಂದೇ."

ನಗ್ತಾನೇ ಅಂದೆ. ಅಂದಿದ್ದಂತೂ ನಿಜ.

ಬಾಯಿ ಹತ್ರ ಹೋಗಿದ್ದ ಲೋಟ ನಿಂತೋಯ್ತು. ಬೀಗಿತ್ತಿ ಫ್ಲಾಸ್ಕ್ ತಗೊಂಡು, ಒಂದು ತೊಟ್ಟೂ ಚೆಲ್ಲದಂಗೆ ಸೂಪನ್ನ ವಾಪಸ್ ಸುರಿದ್ಲು.

"ನಂಗೀಗ ಹಸಿವಿಲ್ಲ ಅಕ್ಕ. ನೀವು ಕುಡೀರಿ."

"ಅಯ್ಯೋ, ತಮಾಷೆಗಂದೆ ಕಣ್ರೀ, ಕುಡೀರಿ!"

"ಬೇಡ ಅಕ್ಕ."

ಸೊಸೆ ನನ್ನ ಮುಖ ನೋಡ್ಲಿಲ್ಲ. ಏನೂ ಆಗಿಲ್ಲ ಅನ್ನೋ ಹಾಗೆ ನಾನೇ ಎರಡು ಲೋಟ ಕುಡಿದೆ. ಚೆನ್ನಾಗಿತ್ತು. ಅದನ್ನೂ ಬಾಯಿಬಿಟ್ಟು ಹೇಳ್ಲಿಲ್ಲ. ವಾಪಸ್ ರೈಲಲ್ಲಿ ಇಡ್ಲಿ ಬಂತು, ಬೀಗಿತ್ತಿ ಬೇಡ ಅಂತ ತಲೆಯಾಡಿಸಿದ್ಲು. ಬೆಂಗಳೂರು ಬರೋ ತನಕ ಹೊಟ್ಟೆ ಮೇಲೆ ಕೈಯಿಟ್ಕೊಂಡು ಕೂತಿದ್ಲು.

ಮಾರನೇ ದಿನ ಗಿರಾಕಿ ಬುಟ್ಟಿಯ ಮೇಲಿನದನ್ನೇ ಆರಿಸಿ ನಾನೇ ಸೂಪು ಮಾಡಿ, ಡಬ್ಬೀಲಿ ಶ್ರೀರಾಂಪುರಕ್ಕೆ ತಗೊಂಡು ಹೋದೆ. ತಪ್ಪಾಯ್ತು ಅನ್ನೋಕೆ ಹೋದೋಳು ಚಳಿ ಜಾಸ್ತಿ ಅಂದೆ. ಬೀಗಿತ್ತಿ ಕುರ್ಚಿ ಹಾಕಿದ್ಲು, ಕಾಫಿ ಕೊಟ್ಲು. ಸೂಪನ್ನ ತನ್ನ ಪಾತ್ರೆಗೆ ಬಗ್ಗಿಸ್ಕೊಂಡು, ಆಮೇಲೆ ಕುಡೀತೀನಿ ಅಂದ್ಲು. ಡಬ್ಬಿ ತೊಳೆದು, ಖಾಲಿ ಕೊಡಬಾರದಲ್ಲ ಅಂತ, ಅದ್ರೊಳಗೆ ಒಂದು ಹಿಡಿ ಬೀನ್ಸ್ ಹಾಕಿ ಕೊಟ್ಲು.

ಎಳೇ ಬೀನ್ಸು. ಆರಿಸಿ, ದುಡ್ಡು ಕೊಟ್ಟು ತಂದಿದ್ದು, ನನ್ನ ಕಣ್ಣಿಗೆ ಗೊತ್ತಾಗುತ್ತೆ.

ಮನೇಲಿ ಸೊಸೆ ಡಬ್ಬಿ ತೆಗೆದು, "ಇದೆಲ್ಲಿಂದ ಅತ್ತೆ?" ಅಂದ್ಲು.

"ಅಂಗಡೀಲಿ ಮಿಕ್ಕಿದ್ದು," ಅಂದೆ.