ದೊಡ್ಡಮ್ಮನ ಮರದ ಸುತ್ತಿಗೆ

ನಮ್ಮ ದೊಡ್ಡಮ್ಮ ಮೂವತ್ತು ವರ್ಷ ಸಂಬಳ ತಗೊಂಡು ಮಾಡಿದ ಕೆಲಸ ಒಡೆಯುವುದು. ಚರಂಡಿಗೆ ಹಾಕುವ ಮಣ್ಣಿನ ಪೈಪು ಸುಡುವ ಕಾರ್ಖಾನೆಯಲ್ಲಿ, ಭಟ್ಟಿಯಿಂದ ಹೊರಬಂದ ಪ್ರತಿ ಪೈಪಿಗೂ ಮರದ ಸುತ್ತಿಗೆಯಿಂದ ಒಂದು ಏಟು ಬಡಿದು ಕಿವಿಗೊಡುವಳು. ಗಂಟೆಯಂತೆ ನುಡಿದರೆ ಪಾಸು, ಒಡಕು ದನಿ ಬಂದರೆ ಅಲ್ಲೇ ಚೂರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಕಾರ್ಖಾನೆಯ ಮಾಲೀಕರಾದ ಸಾಹುಕಾರರು ಗೊಣಗುತ್ತಿದ್ದರು. ಅವಳ ಬಾಯಿಗೆ ಹೆದರಿ, ದೂರ ನಿಂತೇ ಗೊಣಗುತ್ತಿದ್ದರು.

ಹಳೆಯ ಭಟ್ಟಿಯ ಕಮಾನು ಬಿರುಕು ಬಿಟ್ಟಿತ್ತು. ಅದು ಕುಸಿದರೆ ಎಂಬತ್ತು ಮನೆಯ ಒಲೆ ಆರಿದಂತೆ. ಊರಿನ ಬ್ಯಾಂಕುಗಳು ಆಗುವುದಿಲ್ಲ ಎಂದು ಕೈತೊಳೆದುಕೊಂಡವು. ಹಲವು ದೇಶಗಳು ದುಡ್ಡು ಹಾಕಿ ಕಟ್ಟಿದ ಸಂಸ್ಥೆಯೊಂದು ಆಗಷ್ಟೇ ಹುಟ್ಟಿತ್ತು. ಬಡ ದೇಶಗಳ ಖಾಸಗಿ ಕಾರ್ಖಾನೆಗಳಿಗೆ ಸರ್ಕಾರದ ಜಾಮೀನು ಕೇಳದೆಯೇ ಸಾಲ ಕೊಡುತ್ತಿತ್ತು. ಸಾಹುಕಾರರು ಅರ್ಜಿ ಹಾಕಿದರು. ನೋಡಿ ಬರಲು ಅಲ್ಲಿಂದ ಒಬ್ಬ ಎಂಜಿನಿಯರ್ ಹೊರಟರು.

ನಮ್ಮವರ ಬುದ್ಧಿ ನೋಡಿ. ಹಿಂದಿನ ದಿನ ಗೋಡೆಗಳಿಗೆ ಸುಣ್ಣ ಬಳಿದು, ಒಡೆದ ಪೈಪುಗಳ ಗುಡ್ಡೆಯನ್ನು ಗೋದಾಮಿನ ಹಿಂದಕ್ಕೆ ಸಾಗಿಸಿ ಟಾರ್ಪಾಲು ಹೊದಿಸಿದರು. ನಾಳೆ ಒಂದು ದಿನ ಸುತ್ತಿಗೆ ಮುಟ್ಟಬೇಡಿ ಎಂದು ಸಾಹುಕಾರರೇ ದೊಡ್ಡಮ್ಮನಿಗೆ ಕೈಮುಗಿದರು. ಅವಳು ಹೂಂ ಅಂದಳು.

ಮರುದಿನ ಎಂಜಿನಿಯರ್ ಸಾಲಿನಲ್ಲಿದ್ದ ಪೈಪೊಂದನ್ನು ಬೆರಳಿನಿಂದ ತಟ್ಟಿದರು. ಒಡಕು ದನಿ! ಕೊಟ್ಟ ಮಾತು ಗಾಳಿಗೆ ಹೋಯಿತು. ದೊಡ್ಡಮ್ಮ ಸುತ್ತಿಗೆ ತಂದು ಎಲ್ಲರೆದುರೇ ಆ ಪೈಪನ್ನು ನಾಲ್ಕು ಹೋಳು ಮಾಡಿದಳು. ಸಾಹುಕಾರರ ಮುಖ ಬಿಳಿಚಿಕೊಂಡಿತು. ಯಾಕೆ ಒಡೆದಿರಿ ಎಂದು ಎಂಜಿನಿಯರ್ ದುಭಾಷಿಯ ಮೂಲಕ ಕೇಳಿದರು.

“ಮಣ್ಣೊಳಗೆ ಹೋದ್ಮೇಲೆ ಇದನ್ನ ಯಾರು ನೋಡ್ತಾರೆ ಸ್ವಾಮಿ?” ಎಂದಳು ದೊಡ್ಡಮ್ಮ. “ಇದು ಸೋರಿದ್ರೆ ಪಕ್ಕದ ಬಾವಿ ಕೆಡುತ್ತೆ. ಆ ನೀರು ಕುಡಿಯೋದು ನಮ್ಮ ಮಕ್ಕಳು.”

ಎಂಜಿನಿಯರ್ ತಾವೇ ಹನ್ನೆರಡು ಪೈಪು ಆರಿಸಿದರು. ದೊಡ್ಡಮ್ಮ ಒಂದೊಂದನ್ನೂ ಬಡಿದು ನೋಡಿ, ಮೂರಕ್ಕೆ ಸೀಮೆಸುಣ್ಣದ ಗುರುತು ಹಾಕಿದಳು. ಹನ್ನೆರಡಕ್ಕೂ ಒಂದು ಬಾಯಿ ಮುಚ್ಚಿ ನೀರು ತುಂಬಿಸಿಟ್ಟರು. ಊಟ ಮುಗಿಸಿ ಬರುವಷ್ಟರಲ್ಲಿ ಆ ಮೂರೇ ಬೆವರಿದ್ದವು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗಂತೂ ಕುಣಿಯುವಷ್ಟು ಖುಷಿ. ಹಾಗಾದರೆ ಒಡೆದ ಮಾಲೆಲ್ಲ ಎಲ್ಲಿ ಎಂದರು ಎಂಜಿನಿಯರ್. ಟಾರ್ಪಾಲು ಎತ್ತದೆ ವಿಧಿಯಿರಲಿಲ್ಲ. ಆ ಗುಡ್ಡೆಯ ಸುತ್ತ ಎರಡು ಸುತ್ತು ಬಂದು, ಇದನ್ನೇ ಅಲ್ಲವೇ ನೀವು ಮೊದಲು ತೋರಿಸಬೇಕಿದ್ದದ್ದು ಎಂದು ಸಾಹುಕಾರರನ್ನು ಗದರಿದರು.

ಸಾಲ ಮಂಜೂರಾಯಿತು. ಅದರ ಷರತ್ತುಗಳಲ್ಲಿ ಒಂದನ್ನು ನಾನೇ ಕಣ್ಣಾರೆ ಓದಿದ್ದೇನೆ: ಪೈಪು ಪರೀಕ್ಷಿಸುವವರ ತೀರ್ಪೇ ಕೊನೆಯದು, ಮಾಲೀಕರೂ ಅದನ್ನು ಮೀರುವಂತಿಲ್ಲ. ಓದು ಬಾರದ ದೊಡ್ಡಮ್ಮ ಅದನ್ನು ನನ್ನಿಂದ ಮೂರು ಸಲ ಓದಿಸಿ, ಮೂರು ಸಲವೂ ಸಾಹುಕಾರರ ಕಡೆ ನೋಡಿದಳು.

ಹೊಸ ಭಟ್ಟಿ ಎದ್ದಿತು. ಅದರ ಮೊದಲ ಪೈಪನ್ನು ಸಾಹುಕಾರರು ಕೂಸನ್ನು ಎತ್ತಿಕೊಂಡಂತೆ ಎತ್ತಿ ತಂದು ಅವಳ ಮುಂದಿಟ್ಟರು. ಎಂಬತ್ತು ಜನ ಉಸಿರು ಬಿಗಿಹಿಡಿದು ನಿಂತರು. ದೊಡ್ಡಮ್ಮ ಬಡಿದಳು, ಕಿವಿಗೊಟ್ಟಳು, ಒಡೆದು ಚೂರು ಮಾಡಿದಳು. ಮೊದಲು ಚಪ್ಪಾಳೆ ತಟ್ಟಿದವರು ಸಾಹುಕಾರರು. ಆಮೇಲೆ ಎರಡನೆಯದನ್ನು ತರಲು ತಾವೇ ಓಡಿದರು.