ಹೂ ಬೀಳದ ಬೆಳಿಗ್ಗೆ

ಮೊನ್ನೆ ಭಟ್ಕಳದಿಂದ ಬರುವಾಗ ಹೊನ್ನಾವರದಲ್ಲಿ ಬಸ್ಸು ಹತ್ತಿ ನನ್ನ ಪಕ್ಕ ಕೂತ ಹೆಂಗಸಿನ ಮುಡಿಯಲ್ಲಿ ಸುರಗಿ ಹೂವಿತ್ತು. ಹಳದೀಪುರ ದಾಟುವ ಹೊತ್ತಿಗೆ ಬಸ್ಸಿನ ತುಂಬ ಅದೇ ಪರಿಮಳ. ನನಗೆ ಅರೆನಿದ್ದೆ... ಕಣ್ಣು ಮುಚ್ಚಿದರೆ ಹೊಳನಗದ್ದೆಯ ನಮ್ಮ ಮನೆಯ ಜಗಲಿ, ಅದರ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತ ಗುಡಿಯಜ್ಜ.

ಗುಡಿಯಜ್ಜ ಅಂದರೆ ನಮ್ಮ ಪಕ್ಕದ ಮನೆಯವರು, ಊರ ದೇವಿಗೆ ಪೂಜೆ ಮಾಡುತ್ತಿದ್ದವರು. ಸುರಗಿ ಕಾಲದಲ್ಲಿ ಅವರ ಹೆಗಲ ಮೇಲಿನ ಟವೆಲಿಗೂ ಆ ವಾಸನೆ ಹತ್ತಿರುತ್ತಿತ್ತು. ಸಂಜೆ ಗುಡಿಯ ಬಾಗಿಲು ಹಾಕಿ ನೇರ ನಮ್ಮ ಜಗಲಿಗೆ ಬರುವರು. ನನ್ನ ಅಪ್ಪ ಶಾಲೆ ಮಾಸ್ತರು, ಪಕ್ಕಾ ನಾಸ್ತಿಕ. ದೇವರಿಲ್ಲ ಎನ್ನುವುದನ್ನು ಮಗ್ಗಿ ಒಪ್ಪಿಸಿದಷ್ಟು ಖಚಿತವಾಗಿ ಹೇಳುವವರು. ಪೂಜೆ ಮಾಡುವವರೇ ಕೈಗೆ ಸಿಕ್ಕಿದರೆ ಬಿಟ್ಟಾರೆಯೇ? ಆದರೆ ಅಜ್ಜ ವಾದಕ್ಕೇ ಸಿಗುತ್ತಿರಲಿಲ್ಲ. ದೇವರಿದ್ದಾನೋ ಇಲ್ಲವೋ ಎಂದರೆ ಗೊತ್ತಿಲ್ಲ ಎನ್ನುವರು. ಹಾಗಾದರೆ ಪೂಜೆ ಯಾಕೆ ಎಂದರೆ, ಇದ್ದರೆ ಪಾಪ, ಉಪವಾಸ ಬೀಳಬಾರದಲ್ಲ ಎನ್ನುವರು. ಅಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಇದ್ದಾನೆ ಅಂತಲಾದರೂ ಹೇಳಿ, ಜಗಳಕ್ಕೆ ಅನುಕೂಲ ಎಂದು ಗೋಗರೆಯುತ್ತಿದ್ದರು. ಒಮ್ಮೆ ಎಲ್ಲೋ ಓದಿಕೊಂಡು ಬಂದು, ಇಲ್ಲ ಎನ್ನುವವ ನಾಸ್ತಿಕ, ಗೊತ್ತಿಲ್ಲ ಎನ್ನುವವ ಅಜ್ಞೇಯವಾದಿ, ನೀವು ಎರಡನೆಯವರು ಎಂದು ತೀರ್ಪು ಕೊಟ್ಟರು.

“ಹೌದೊ ಮಾಸ್ತರೆ? ಅದ್ಕೆ ಔಷಧ ಎಂತಾದ್ರೂ ಅದೆಯೊ?” ಎಂದರು ಅಜ್ಜ.

ಅಪ್ಪನೂ ನಕ್ಕುಬಿಟ್ಟರು. ಆ ಎರಡರ ನಡುವೆ ಅಂಥ ಅಂತರವೇನೂ ಆಗ ನನಗೆ ಕಾಣಲಿಲ್ಲ. ಕಂಡದ್ದು ಅಕ್ಕನ ಗಂಡ ಕಾಣೆಯಾದ ವರ್ಷ.

ಭಾವ ಭಟ್ಕಳ ಬಂದರಿನ ಬೋಟಿಗೆ ಹೋಗುತ್ತಿದ್ದ. ಗಾಳಿ ಎದ್ದ ಒಂದು ದಿನ ಬೋಟು ಮಗುಚಿತು. ಉಳಿದವರು ದಡ ಸೇರಿದರು, ಅವನು ಬರಲಿಲ್ಲ. ಹೆಣವೂ ಸಿಗಲಿಲ್ಲ. ಮಗ ಎಲ್ಲೋ ಬದುಕಿದ್ದಾನೆ, ಸೊಸೆ ವ್ರತ ಹಿಡಿಯಲಿ ಎಂದರು ಅಕ್ಕನ ಅತ್ತೆ. ಅವನು ಹೋದ, ನೀನು ಮನೆಗೆ ಬಾ ಎಂದರು ಅಪ್ಪ. ಇಬ್ಬರಿಗೂ ಗೊತ್ತಿತ್ತು. ಗೊತ್ತಿಲ್ಲದವಳು ಅಕ್ಕ ಒಬ್ಬಳೇ. ಅವಳು ಸರಿಯಾಗಿ ಊಟ ಮಾಡುತ್ತಿರಲಿಲ್ಲ.

ತಿಂಗಳುಗಳು ಕಳೆದ ಮೇಲೆ ಭಾವನ ಮನೆಯವರು, ಅವನು ಬದುಕಿದ್ದಾನೆಯೇ ಎಂದು ನಮ್ಮೂರ ದೇವಿಯಲ್ಲಿ ಪ್ರಸಾದ ಕೇಳುವುದೆಂದು ನಿಶ್ಚಯಿಸಿದರು. ದೇವರ ಮೈಯ ಎರಡೂ ಬದಿಗೆ ಒದ್ದೆ ಹೂವು ಅಂಟಿಸಿ ಕಾಯುವುದು ನಮ್ಮ ಕಡೆಯ ಪದ್ಧತಿ. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಎಡದ್ದು ಬಿದ್ದರೆ ಅಂದೇ ಅಕ್ಕನ ಬಳೆ ಒಡೆದು ಕುಂಕುಮ ಅಳಿಸುವುದು, ಬಲದ್ದು ಬಿದ್ದರೆ ಅವಳು ಅತ್ತೆಮನೆಯಲ್ಲೇ ಗಂಡನ ದಾರಿ ಕಾಯುವುದು ಎಂದು ಮಾತಾಗಿತ್ತು. ಅವಳನ್ನು ಯಾರೂ ಕೇಳಿರಲಿಲ್ಲ.

ಆ ಬೆಳಿಗ್ಗೆ ನನಗೆ ಕನಸಿನ ಹಾಗೆ ನೆನಪು. ಎಣ್ಣೆದೀಪದ ಮಂಕು ಬೆಳಕು, ಧೂಪದ ಹೊಗೆ, ದೂರದಲ್ಲಿ ಸಮುದ್ರದ ಸದ್ದು... ಅಪ್ಪ ಗುಡಿಯೊಳಗೆ ಬರಲಿಲ್ಲ, ಹೊರಗೆ ಬೇಲಿಗೆ ಒರಗಿ ನಿಂತಿದ್ದರು. ಅಕ್ಕ ಗರ್ಭಗುಡಿಯ ಹೊಸ್ತಿಲ ಹತ್ತಿರ ಕೂತಿದ್ದಳು. ಹಿಂದೆ ನಿಂತ ನಮಗೆ ಅಜ್ಜನ ಬೆನ್ನು ಮಾತ್ರ ಕಾಣುತ್ತಿತ್ತು. ಎಷ್ಟು ಹೊತ್ತೋ... ಕೊನೆಗೆ ಅವರು ಹೂವುಗಳನ್ನೆಲ್ಲ ಅಂಗೈಯಲ್ಲಿ ಬಾಚಿಕೊಂಡು ಅಕ್ಕನ ಕಡೆ ತಿರುಗಿದರು.

“ನಂಗೆ ಗೊತ್ತಾಗ್ಲಿಲ್ಲ ಮಗಾ. ಗೊತ್ತಾಗೂವರೆಗೆ ಎರಡು ತುತ್ತು ಉಣ್ಣು. ಎಂತಾದ್ರೂ ಕೆಲಸ ಕಲಿ.”

ಹೂ ಬೀಳಲೇ ಇಲ್ಲ ಎಂದು ಎಲ್ಲರೂ ಗುಸುಗುಸು ಮಾಡಿದರು. ಇನ್ನೊಮ್ಮೆ ಕೇಳಿ ಎಂದು ಭಾವನ ಅಣ್ಣ ಪಟ್ಟು ಹಿಡಿದ. ಅಜ್ಜ ಒಪ್ಪಲಿಲ್ಲ.

ಆ ಮಧ್ಯಾಹ್ನ ಅಕ್ಕ ಉಂಡಳು. ಆಮೇಲೆ ಹೊಲಿಗೆ ಕಲಿತಳು. ಭಾವ ಬರಲಿಲ್ಲ. ಬಳೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ದೇವಿಯೇ ಹೇಳದ ಮೇಲೆ ಹೇಳಲು ಇವರ್ಯಾರು? ಒದ್ದೆ ಹೂವು ಕಲ್ಲಿಗೆ ಅಂಟಿಕೊಂಡಿತು, ಅದರಲ್ಲೇನು ವಿಶೇಷ ಎಂದು ಅಪ್ಪ ಗೊಣಗಿದರು. ಆದರೂ ಆ ಸಂಜೆ ಅಜ್ಜನಿಗೆ ತಾವೇ ಒಳಗಿಂದ ಚಾ ತಂದುಕೊಟ್ಟರು.

ಈಗ ಅಪ್ಪನೂ ಇಲ್ಲ, ಅಜ್ಜನೂ ಇಲ್ಲ. ಊರಿಗೆ ಹೋದರೆ ಆ ಜಗಲಿಯಲ್ಲಿ ಕೂರಲು ನನಗೆ ಮನಸ್ಸೇ ಬರುವುದಿಲ್ಲ.

ಮೊನ್ನೆ ಕುಮಟೆಯಲ್ಲಿ ಬಸ್ಸಿಳಿದು ಅಕ್ಕನ ಹೊಲಿಗೆ ಅಂಗಡಿಗೆ ಹೋದೆ. ಸುಮ್ಮನೆ ಅಜ್ಜನ ಮಾತು ತೆಗೆದೆ. ಅಂದು ಹೂ ಬಿದ್ದಿದ್ದರೆ ನಿನ್ನ ಗತಿ ಏನಾಗುತ್ತಿತ್ತೋ ಎಂದೆ. ಅಕ್ಕ ಮಷಿನ್ ತುಳಿಯುವುದನ್ನು ನಿಲ್ಲಿಸಿದಳು.

“ಬಿದ್ದಿತ್ತು. ಎಡದ್ದು. ನಾನು ಹೊಸ್ತಿಲಲ್ಲೇ ಇದ್ನಲ್ಲ, ಕಂಡೆ.”

ಅಜ್ಜ ಹಾಸಿಗೆ ಹಿಡಿದಾಗ ನೋಡಲು ಹೋದವಳು, ಅಂದು ಯಾಕೆ ಹೇಳಲಿಲ್ಲ ಎಂದು ಅವರನ್ನೇ ಕೇಳಿದ್ದಳಂತೆ. ಅವರಂದದ್ದನ್ನು ಅಕ್ಕ ಹಾಗೇ ಹೇಳಿದಳು.

“ಹೂ ಬಿದ್ದದ್ದು ನಾನೂ ಕಂಡೆ ಮಗಾ. ಹೂವಿಗೆ ಗೊತ್ತಿತ್ತೊ ಇಲ್ವೊ, ಅದು ನಂಗೆ ಗೊತ್ತಿಲ್ಲ. ಗೊತ್ತಿಲ್ದೆ ನಿನ್ನ ಬಳೆ ಹೆಂಗೆ ಒಡೀಲಿ?”

ಅಪ್ಪ ಇದನ್ನು ಕೇಳಬೇಕಿತ್ತು. ಅಷ್ಟು ವರ್ಷ ಅದೇ ಜಗಲಿಯಲ್ಲಿ ಕೂತು ಚಾ ಕುಡಿದರೂ ಅಜ್ಜ ಅವರಿಗೆ ಹೇಳಲೇ ಇಲ್ಲ.