ಕಂಡಕ್ಟರನ ಅಂಗಿಯೊಳಗಿನ ಇಸ್ತ್ರಿ ಅಕ್ಕ

"ಅಮ್ಮಾ, ಇಸ್ತ್ರಿ ಅಕ್ಕನ ಎದೆ ಬಿಚ್ಚಿದ್ರಂತಲ್ಲ, ಮತ್ತೆ ಸರಿಯಾಗಿ ಮಡಿಸಿಟ್ರಾ?"

ತಲೆ ಬಾಚಿಸಿಕೊಳ್ಳುತ್ತಿದ್ದ ಮಗಳು ಕೇಳಿದ್ದು ಇಷ್ಟೇ. ತಾಯಿಯ ಕೈಯಲ್ಲಿದ್ದ ಬಾಚಣಿಗೆ ಕೂದಲ ನಡುವೆಯೇ ನಿಂತಿತು.

"ಡಾಕ್ಟರು ಸರಿಯಾಗೇ ಮಾಡಿರ್ತಾರೆ, ನೆಟ್ಟಗೆ ಕೂತ್ಕೋ" ಎಂದಳು. ಜಡೆ ಸೊಟ್ಟಗಾಯಿತು.

ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದ ದಿನ ಮಗಳ ಶಾಲೆಯ ಅಂಗಿ ತರಲು ಹೋದವಳು ಇವಳೇ. ಇಸ್ತ್ರಿ ಅಕ್ಕ ಎಂದಿನಂತೆ ಮೆಟ್ಟಿಲ ಕೆಳಗಿನ ಮೇಜಿನ ಮುಂದೆ ನಿಂತಿದ್ದಳು. "ಒಂದ್ ತೋಳು ಬಾಕಿ, ತಾಳು" ಎಂದಳು. ತೋಳು ಮುಗಿಯಲಿಲ್ಲ. ಮುಖ ಸುಣ್ಣದಂತಾಯಿತು. ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಗೆ ತಾಗದಂತೆ ಎತ್ತಿ ನಿಲ್ಲಿಸಿ, ಸ್ವಿಚ್ ಆರಿಸಿ, ಆಮೇಲೆ ನೆಲಕ್ಕೆ ಕುಸಿದಳು. ಇಷ್ಟು ಅಚ್ಚುಕಟ್ಟಾಗಿ ಯಾರಾದರೂ ಬೀಳುತ್ತಾರೆಯೇ? ನೆಗಡಿಯೆಂದು ಒಂದು ದಿನ ಮಲಗಿದವಳಲ್ಲ. ಸಂಜೆಯ ಹೊತ್ತಿಗೆ ಅವಳ ಎದೆಮೂಳೆ ಸೀಳಿ, ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಜೋಡಿಸುತ್ತಿದ್ದರು. ಆ ಅಂಗಿ ಇನ್ನೂ ಬೀರುವಿನಲ್ಲಿದೆ, ಒಂದು ತೋಳು ನಯ, ಇನ್ನೊಂದು ಸುಕ್ಕು. ಅದನ್ನು ಮುಟ್ಟಲು ಇವಳಿಗೆ ಕೈ ಬಂದಿಲ್ಲ.

ಇಸ್ತ್ರಿ ಅಕ್ಕ ಒಂಟಿ ಜೀವ. ಮೆಟ್ಟಿಲ ಹಿಂದಿನ ಕೋಣೆಯೇ ಮನೆ. ಓಣಿಯ ಒಳಗುಟ್ಟೆಲ್ಲ ಅವಳ ಮೇಜಿನ ಮೇಲೆ ಹಾದುಹೋಗಿತ್ತು: ಯಾರ ಕಾಲರು ಸವೆದಿದೆ, ಯಾರ ಜೇಬಿನ ಮೂಲೆಯಲ್ಲಿ ಸಿಗರೇಟಿನ ಪುಡಿ, ಯಾವ ಬಟ್ಟೆಯಲ್ಲಿ ಒಗೆದರೂ ಹೋಗದ ಕಲೆ. ಒಂದು ಮಾತೂ ಅವಳ ತುಟಿ ದಾಟಿರಲಿಲ್ಲ.

ಆಸ್ಪತ್ರೆಯಿಂದ ಅವಳನ್ನು ಕರೆತಂದಾಗ ಯಾರೂ ಸಭೆ ಕರೆಯಲಿಲ್ಲ, ಪಾಳಿ ತಾನಾಗಿಯೇ ಶುರುವಾಯಿತು. ಒಂದು ಮನೆಯಿಂದ ಊಟ, ಇನ್ನೊಂದರಿಂದ ಬಿಸಿನೀರು. ಮೇಲಿನ ಮನೆಯ ಟೀಚರಮ್ಮ ಮಾತ್ರೆಗೆ ಕಾವಲು. ಕೈ ಮೇಲೆತ್ತಬಾರದು, ಮುಂಭಾಗದಲ್ಲಿ ಗುಂಡಿಯಿರುವ ಬಟ್ಟೆಯೇ ಹಾಕಬೇಕೆಂದು ಆಸ್ಪತ್ರೆಯವರು ಹೇಳಿದಾಗ ಎದುರುಮನೆಯ ಬಸ್ ಕಂಡಕ್ಟರ್ ತನ್ನ ಕೆಲಸದ ಅಂಗಿಗಳನ್ನೇ ಕೊಟ್ಟ. ವರ್ಷಗಟ್ಟಲೆ ಅವಳೇ ಗರಿಗರಿ ಮಾಡಿ ಕೊಟ್ಟ ಅಂಗಿಗಳು. ಈಗ ಅವುಗಳ ಒಳಗೆ ಅವಳೇ.

"ಕಂಡಕ್ಟರಮ್ಮ, ಚಿಲ್ಲರೆ ಕೊಡಿ" ಎಂದು ಅವನು ಬಾಗಿಲಲ್ಲಿ ನಿಂತು ಕೆಣಕಿದ.

"ಮುಂದಿನ ಸ್ಟಾಪಲ್ಲಿ ಇಳಿ, ಕೊಡ್ತೀನಿ. ಅಲ್ಲಯ್ಯ, ಇದನ್ನ ಇಸ್ತ್ರಿ ಮಾಡಿದ್ಯಾರು? ಹಸು ನೆಕ್ಕಿದ ಹಾಗಿದೆ."

"ನಾನೇ."

"ಅದಕ್ಕೇ ಮತ್ತೆ." ನಗು ಬಂತು, ಹಿಂದೆಯೇ ಗಾಯದ ನೋವೂ. ದಿಂಬನ್ನು ಎದೆಗೆ ಅವುಚಿಕೊಂಡಳು. "ನಗಿಸ್ಬೇಡ್ವೋ, ಹೊಲಿಗೆ ಬಿಚ್ಚತ್ತೆ."

ಎಲ್ಲದಕ್ಕೂ ಒಗ್ಗಿದವಳು ಒಂದಕ್ಕೆ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಗಾಯವನ್ನು ದಿನವೂ ನೋಡಬೇಕು, ಕೆಂಪಾದರೆ ತಡಮಾಡದೆ ಕರೆತನ್ನಿ, ಮೂಳೆಗೆ ಸೋಂಕು ಇಳಿದರೆ ಜೀವಕ್ಕೇ ಕುತ್ತು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವಳೋ ಮೇಲಿನ ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದೇ ಕೂರುತ್ತಿದ್ದಳು. ಕನ್ನಡಿಯನ್ನು ಗೋಡೆಗೆ ಮುಖಮಾಡಿ ಇಡಿಸಿದ್ದಳು. ಟೀಚರಮ್ಮ ಗದರಿದರೂ ಆ ಮುಷ್ಟಿ ಸಡಿಲಲಿಲ್ಲ.

ಸೊಟ್ಟ ಜಡೆಯ ಮಗಳನ್ನು ಶಾಲೆಗೆ ಬಿಟ್ಟು ಬಂದಾಗ ಬಿಸಿನೀರಿನ ಪಾಳಿ ಇವಳದು. ಪಾತ್ರೆ ಕೆಳಗಿಟ್ಟು ಇಸ್ತ್ರಿ ಅಕ್ಕನ ಹಣೆ ಮುಟ್ಟಿದಳು. ನಿನ್ನೆ ತಣ್ಣಗಿದ್ದ ಹಣೆ ಬೆಚ್ಚಗಿದೆ.

"ಅಕ್ಕ, ಮೈ ಬಿಸಿ ಇದೆ. ಇವತ್ತು ನೋಡ್ಲೇಬೇಕು."

"ಸೆಕೆ ಕಣೇ."

ಇವಳು ನೀರಿನಲ್ಲಿ ಬಟ್ಟೆ ಅದ್ದಿದಳು. ಅದ್ದುತ್ತಲೇ, ಹೇಳಬಾರದೆಂದುಕೊಂಡದ್ದು ಬಾಯಿ ಜಾರಿತು: "ನನ್ ಮಗಳು ಕೇಳ್ತಿದ್ಲು. ಅಕ್ಕನ್ನ ಸರಿಯಾಗಿ ಮಡಿಸಿಟ್ರಾ ಅಂತ."

ಆಡಿದ್ದಕ್ಕೆ ತಾನೇ ಬೆಚ್ಚಿ ತಲೆಯೆತ್ತಿದಳು. ಇಸ್ತ್ರಿ ಅಕ್ಕ ಎವೆಯಿಕ್ಕದೆ ನೋಡುತ್ತಿದ್ದಳು.

"ಮಡಿಸಿಟ್ರಾ ಅಂದ್ಲಾ?"

"ಮಗು, ಅಕ್ಕ. ಬೇಜಾರು ಮಾಡ್ಕೋಬೇಡಿ."

"ಕೇಳ್ಬೇಕಾದ್ದನ್ನೇ ಕೇಳಿದಾಳೆ. ಇಷ್ಟು ಜನ ಬಂದ್ರು, ಒಬ್ರೂ ಕೇಳ್ಲಿಲ್ಲ." ಅಂಗಿಯ ಸುಕ್ಕನ್ನು ಅಂಗೈಯಿಂದ ಒತ್ತಿದಳು. "ಈ ಓಣಿ ಕಲೆ ಎಲ್ಲಾ ನೋಡಿದೀನಿ. ನಂದು ನೋಡೋಕೆ ಹೋದ್ರೆ ಕಣ್ಣೇ ಮುಚ್ಚಿಕೊಳ್ಳತ್ತೆ ಕಣೇ."

ಮುಷ್ಟಿ ಬಿಟ್ಟಿತು. ಮೇಲಿನ ಗುಂಡಿಯನ್ನು ತಾನೇ ಬಿಚ್ಚಿ, ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

"ಒಂದು ಉಪಕಾರ ಮಾಡು. ನೀನು ಮೊದ್ಲು ನೋಡು. ಸಮಾಧಾನಕ್ಕೆ ಚೆನ್ನಾಗಿದೆ ಅನ್ಬೇಡ. ಕೆಂಪಾಗಿದ್ರೆ ಕೆಂಪು ಅನ್ನು, ಆಸ್ಪತ್ರೆಗೆ ಹೋಗೋಣ. ಹೊಲಿಗೆ ನೆಟ್ಟಗಿದ್ಯೋ, ಸುಕ್ಕಾಗಿದ್ಯೋ, ಅದನ್ನ ಮಾತ್ರ ನಂಗೊಬ್ಬಳಿಗೇ ಹೇಳು."